ಕುಡಿಯದವಳ ಬಿಯರು

ಸೆಪ್ಟೆಂಬರ್ 4, ಬುಧವಾರ

ಇವತ್ತೂ ಒಲೆ ಹಚ್ಚಲಿಲ್ಲ. ಈರುಳ್ಳಿ ತೆಗೆದುಕೊಂಡು ಅರ್ಧ ಹೆಚ್ಚಿದೆ, ಇನ್ನರ್ಧ ಯಾರಿಗೆ ಎನ್ನಿಸಿ ಚಾಕು ಕೆಳಗಿಟ್ಟೆ. ಎವೆಲಿಯೊ ಹೋದದ್ದು ಫೆಬ್ರವರಿಯಲ್ಲಿ. ಮದುವೆಯಾದಾಗಿನಿಂದ ಆ ಮನುಷ್ಯನಿಗೆ ಬೇಯಿಸಿ ಹಾಕುತ್ತಾ ಗೊಣಗಿದ್ದೇ ಗೊಣಗಿದ್ದು. ಈಗ ಒಬ್ಬಳಿಗೆ ಬೇಯಿಸಬೇಕೆಂದರೆ ಕೈಯೇ ಬರುವುದಿಲ್ಲ. ಒಂದು ಹಿಡಿ ಕರಿಕಾಳು ಹಾಕಿದರೆ ಪಾತ್ರೆಯ ತಳದಲ್ಲಿ ಕಾಣಿಸುವುದೂ ಇಲ್ಲ. ರಸ್ಕು, ಕಾಫಿ, ಮತ್ತೆ ರಸ್ಕು.

ಬೇಕರಿಯಿಂದ ಬರುವಾಗ ಮೂಲೆಯ ಹೆಂಡದಂಗಡಿ, ‘ತೊರ್ತೊಲಾ’ ಕಂತೀನಾದ ಮುಂದೆ ಸುಮ್ಮನೆ ನಿಂತೆ. ಅದು ಬೊತಾನಾ ಹೊತ್ತು. ಒಂದು ಬಿಯರು ತರಿಸಿದರೆ ಮೇಜಿನ ತುಂಬ ತಿಂಡಿಯ ತಟ್ಟೆಗಳು ಬರುತ್ತವೆ, ಕೊಡಬೇಕಾದದ್ದು ಬಿಯರಿಗಷ್ಟೇ. ಎವೆಲಿಯೊ ಶನಿವಾರ ಶನಿವಾರ ಇಲ್ಲಿ ಹೊಟ್ಟೆ ತುಂಬಿಸಿಕೊಂಡು ಬಂದು, ನಾನು ಮಾಡಿಟ್ಟದ್ದನ್ನು ನಾಳೆ ತಿನ್ನುತ್ತೇನೆ ಎನ್ನುತ್ತಿದ್ದ. ನನ್ನನ್ನು ಒಮ್ಮೆಯೂ ಕರೆದುಕೊಂಡು ಬರಲಿಲ್ಲ. ಒಳಗಿಂದ ಹಂದಿಮಾಂಸ ಹುರಿಯುವ ವಾಸನೆ, ಜನರ ಗದ್ದಲ. ವಾಸನೆಗಿಂತ ಗದ್ದಲವೇ ನನ್ನನ್ನು ಹಿಡಿದು ನಿಲ್ಲಿಸಿತು. ಒಳಗೆ ಹೋಗಲು ಧೈರ್ಯ ಬರಲಿಲ್ಲ.

ಸೆಪ್ಟೆಂಬರ್ 6, ಶುಕ್ರವಾರ

ಹೋದೆ! ಅಂಚೆ ಕಚೇರಿಯ ಗಾಜಿನ ಹಿಂದೆ ಕೂತು ಇಡೀ ಮೆರಿದಾ ಊರನ್ನೇ ಸಂಭಾಳಿಸಿದವಳು ನಾನು, ಒಂದು ಕಂತೀನಾಕ್ಕೆ ಹೆದರುವುದೇ ಎಂದು ನನಗೆ ನಾನೇ ಬೈದುಕೊಂಡು ಹೋದೆ.

ಬಡಿಸುವವನ ಹೆಸರು ಎರ್ಮಿಲೊ. ಮೀಸೆ ಬಿಳಿ, ಕೂದಲು ಮಾತ್ರ ಕಪ್ಪೋ ಕಪ್ಪು.

“ಎಷ್ಟು ಜನ ಡೋನ್ಯಾ?” ಎಂದ, ಅಮ್ಮಾವ್ರೇ ಎನ್ನುವ ಮರ್ಯಾದೆಯಲ್ಲಿ.

“ಒಬ್ಳೇ.”

“ಯಜಮಾನ್ರು ಆಮೇಲೆ ಬರ್ತಾರಾ?”

“ಬಂದ್ರೆ ನೀನೂ ಓಡ್ಬೇಕು, ನಾನೂ ಓಡ್ಬೇಕು. ಅವ್ರನ್ನ ಮಣ್ಣು ಮಾಡಿ ಆಯ್ತಪ್ಪಾ.”

ಅವನು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು ನಕ್ಕ. ನಾನು ಕೆಂಪು ಪುಂಡಿಹೂವಿನ ಪಾನಕ ಕೇಳಿದೆ. ನನಗೆ ಬಿಯರು ಆಗುವುದಿಲ್ಲ. ಕಹಿ, ಒಂದು ಗುಟುಕಿಗೇ ತಲೆನೋವು.

“ಪಾನಕಕ್ಕೆ ಬೊತಾನಾ ಬರಲ್ಲ ಡೋನ್ಯಾ. ಬಿಯರು ತರಿಸಿದ್ರೆ ಮಾತ್ರ. ಮೊದಲ್ನೇದಕ್ಕೆ ಚಿಲ್ಲರೆಪಲ್ಲರೆ, ಮೂರನೇದಕ್ಕೆ ನಿಜವಾದ ಅಡುಗೆ.”

ಸರಿ, ತಾ ಎಂದೆ. ಮೊದಲ ಬಿಯರಿಗೆ ಕುಂಬಳಬೀಜದ ಚಟ್ನಿ, ಖಾರ ಹಾಕಿದ ಸೌತೆಕಾಯಿ. ಎರಡನೆಯದಕ್ಕೆ ಗೋಧಿರವೆ, ಮಾಂಸ ಕಲಸಿ ಕರಿದ ಕಿಬಿ. ಮೂರನೆಯದಕ್ಕೆ ಪಾಪಾಡ್ಸುಲ್ ಬಂತು, ಬೀಜದ ಗೊಜ್ಜಿನಲ್ಲಿ ಅದ್ದಿದ ರೊಟ್ಟಿ, ಒಳಗೆ ಬೆಂದ ಮೊಟ್ಟೆ. ಬೇರೆಯವರು ಮಾಡಿದ ಬಿಸಿ ಊಟ ತಿಂದು ಎಷ್ಟು ಕಾಲವಾಗಿತ್ತೋ! ತಿನ್ನುತ್ತಾ ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಎಂದು ಎರ್ಮಿಲೊ ತಿಳಿದುಕೊಂಡ, ನಾನೂ ಹಾಗೇ ಬಿಟ್ಟೆ.

ನನ್ನ ಮೂರು ಬಿಯರೂ ಮುಟ್ಟದೆ ನಿಂತಿದ್ದವು. ಪಕ್ಕದ ಮೇಜಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮುದುಕ ಒಬ್ಬರೇ. ಅವರದು ನನಗೆ ಪೂರಾ ತದ್ವಿರುದ್ಧ, ಬಾಟಲಿ ಖಾಲಿ, ತಟ್ಟೆಗಳು ತುಂಬಿದ್ದವು.

“ಡೋನ್ಯಾ, ನಿಮ್ಮ ಬಿಯರು ಬಿಸಿ ಆಗ್ತಿದೆ. ನನ್ನ ಕೈಲಿ ನೋಡೋಕಾಗ್ತಿಲ್ಲ” ಎಂದರು.

“ನಿಮ್ಮ ಕಿಬಿ ಆರೋಗ್ತಿದೆ. ನನ್ನ ಕೈಲೂ ನೋಡೋಕಾಗ್ತಿಲ್ಲ” ಎಂದೆ.

ಎರ್ಮಿಲೊ ನಡುವೆ ನಿಂತು ಅವರ ಮುಖ ನೋಡಿದ, ನನ್ನ ಮುಖ ನೋಡಿದ. ಬಾಟಲಿಗಳನ್ನು ಅತ್ತ ಇಟ್ಟ, ತಟ್ಟೆಗಳನ್ನು ಇತ್ತ ತಂದ.

ಸೆಪ್ಟೆಂಬರ್ 17, ಮಂಗಳವಾರ

ದಿನಾ ಹೋಗುತ್ತಿದ್ದೇನೆ. ಅವರ ಹೆಸರು ಗಾಸ್ಪರ್ ಕನುಲ್. ನೃತ್ಯದ ಬ್ಯಾಂಡಿನಲ್ಲಿ ಟ್ರಂಬೋನ್ ಊದುತ್ತಿದ್ದವರು. ಹೆಂಡತಿ ಇಲ್ಲ, ಒಬ್ಬಳು ಮಗಳು ವಯ್ಯದೊಲಿದ್‌ನಲ್ಲಿ. ಕಟ್ಟಿಸಿಕೊಂಡ ಹಲ್ಲು ಸರಿಯಾಗಿ ಕೂರುವುದಿಲ್ಲವಂತೆ, ಅದಕ್ಕೇ ಹೊರಗೆ ತಿನ್ನುವುದಿಲ್ಲ, ಮನೆಯಲ್ಲಿ ಮೆತ್ತಗೆ ಏನಾದರೂ ಮಾಡಿಕೊಳ್ಳುತ್ತಾರಂತೆ. ನನ್ನ ಬಿಯರು ಅವರಿಗೆ, ಅವರ ತಟ್ಟೆ ನನಗೆ. ಮೇಜು ಮಾತ್ರ ಬೇರೆ ಬೇರೆ. ಜನ ನೋಡುತ್ತಾರಲ್ಲ.

ತಂಗಿ ಲಿಹಿಯಾ ಫೋನ್ ಮಾಡಿದಳು. ಸುದ್ದಿ ಅವಳ ಕಿವಿಗೆ ಬಿದ್ದಾಗಿದೆ.

“ಏನಕ್ಕಾ, ಗಂಡ ಸತ್ತು ವರ್ಷ ಆಗಿಲ್ಲ, ಹೆಂಡದಂಗಡೀಲಿ ಕೂರ್ತೀಯಂತೆ?”

“ಊಟಕ್ಕೆ ಹೋಗ್ತೀನಿ ಕಣೇ.”

“ಊಟಕ್ಕೆ ನಮ್ಮನೆ ಇಲ್ವಾ?”

“ನಿಮ್ಮನೇಲಿ ಊಟದ ಜೊತೆ ನೀನೂ ಇರ್ತೀಯಲ್ಲ!”

ಫೋನ್ ಇಟ್ಟಳು. ನಾಳೆ ಮತ್ತೆ ಮಾಡುತ್ತಾಳೆ. ಮಾಡದಿದ್ದರೆ ಬೇಜಾರಾಗುವುದು ನನಗೇ.

ಅಕ್ಟೋಬರ್ 3, ಗುರುವಾರ

ಇವತ್ತು ಎರ್ಮಿಲೊ ನಮ್ಮನ್ನು ಕೇಳದೆ ಎರಡು ಮೇಜು ಜೋಡಿಸಿಬಿಟ್ಟ. “ನನ್ನ ಮೊಣಕಾಲು ಹೋಯ್ತು, ಅಲ್ಲಿಂದಿಲ್ಲಿಗೆ ಓಡಾಡಿ ಓಡಾಡಿ” ಅಂದ. ಡೋನ್ ಗಾಸ್ಪರ್ ಎದ್ದು ನಿಂತು, ನಾನು ಯಾವುದೋ ಮಂತ್ರಿಯ ಹೆಂಡತಿ ಎನ್ನುವಂತೆ ಕುರ್ಚಿ ಎಳೆದುಕೊಟ್ಟರು. ಹೊಸ ರವಿಕೆ ಹಾಕಿಕೊಂಡು ಹೋದದ್ದು ಒಳ್ಳೆಯದಾಯಿತು. ಅದು ಇವರಿಗಾಗಿ ಅಲ್ಲ, ಹಳೆಯದರ ಗುಂಡಿ ಹೋಗಿತ್ತು.

ಮದುವೆಯೊಂದರಲ್ಲಿ ಟ್ರಂಬೋನಿನ ಕೊಳವೆ ಕೈಜಾರಿ ಹೋಗಿ ಮದುಮಗನ ಅಪ್ಪನ ಟೋಪಿ ಹಾರಿಸಿದ ಕಥೆ ಹೇಳಿದರು. ನಾನು ಎಷ್ಟು ನಕ್ಕೆನೆಂದರೆ ಅಡುಗೆಮನೆಯವರು ಇಣುಕಿ ನೋಡಿದರು. ಆಮೇಲೆ ಅವರೂ ಕೇಳಿದರು, ಅಂಚೆ ಕಚೇರಿಯಲ್ಲಿ ಏನೇನು ಆಗುತ್ತಿತ್ತು ಎಂದು. ಎವೆಲಿಯೊ ಅದನ್ನು ಒಂದು ದಿನವಾದರೂ ಕೇಳಿದ್ದಿಲ್ಲ. ಮಾತಾಡಿಯೇ ಮಾತಾಡಿದೆ. ಅವರು ನಿಧಾನವಾಗಿ ಕುಡಿಯುತ್ತಾ ಕೇಳುತ್ತಿದ್ದರು. ಬಿಯರು ಮುಗಿದರೆ ಎದ್ದುಬಿಡುತ್ತಾರೆ ಎಂದು ಇನ್ನೊಂದು ತರಿಸಿದೆ. ಅದಕ್ಕೆ ಬಂದ ಸಾರು ನನಗೆ ಬೇಕಿರಲಿಲ್ಲ, ಆದರೂ ಕುಡಿದೆ.

ಆ ಕಂತೀನಾದ ಟ್ಯೂಬ್‌ಲೈಟ್ ಬದಲಾಯಿಸಬೇಕು. ಅವರ ಕಣ್ಣು ಹಳದಿಯಾಗಿ ಕಾಣುತ್ತದೆ. ಬೆಲ್ಟಿಗೆ ಮೊಳೆಯಲ್ಲಿ ಹೊಸ ತೂತು ಹೊಡೆದುಕೊಂಡಿದ್ದಾರೆ. ಗಂಡಸರು ಒಂಟಿಯಾದರೆ ಹೀಗೇ, ಒಂದು ಬೆಲ್ಟ್ ಕೊಂಡುಕೊಳ್ಳುವುದಕ್ಕೂ ಯಾರಾದರೂ ಹೇಳಬೇಕು.

ಅಕ್ಟೋಬರ್ 15, ಮಂಗಳವಾರ

ಬರಲಿಲ್ಲ. ನನ್ನ ಬಿಯರುಗಳು ನನ್ನನ್ನೇ ನೋಡುತ್ತಾ ಕೂತಿದ್ದವು.

ಅಕ್ಟೋಬರ್ 18, ಶುಕ್ರವಾರ

ಇವತ್ತೂ ಇಲ್ಲ. ಎರಡು ಗಂಟೆಯ ಹೊತ್ತಿಗೆ ಒಬ್ಬ ಹೆಂಗಸು ಬಂದು ಎರ್ಮಿಲೊನ ಹತ್ತಿರ ನಿಂತಳು. ಅವರದೇ ಹಣೆ, ಅವರದೇ ಹುಬ್ಬು. ಮಗಳು, ನೆಯ್ದಾ.

“ಅಪ್ಪ ಸ್ನಾನದ ಮನೇಲಿ ಬಿದ್ದಿದ್ರು. ಆಸ್ಪತ್ರೇಲಿದಾರೆ. ಲಿವರ್ ಪೂರ್ತಿ ಹಾಳಾಗಿದೆಯಂತೆ, ಇನ್ನೂ ಕುಡಿದ್ರೆ ಮುಂದಿನ ಬೇಸಿಗೆ ನೋಡಲ್ಲ ಅಂದ್ರು ಡಾಕ್ಟರು. ನಿಜ ಹೇಳಿ, ಇಲ್ಲಿ ದಿನಾ ಎಷ್ಟು ಕುಡೀತಾರೆ?”

“ಮೂರು ತರಿಸ್ತಾರಮ್ಮ” ಎಂದ ಎರ್ಮಿಲೊ. ಸುಳ್ಳಲ್ಲ. ತರಿಸುವುದು ಮೂರೇ. ಹಾಗೆಂದು ನನ್ನ ಕಡೆ ನೋಡಿದ.

ಮಿಕ್ಕದ್ದು ನನ್ನ ಮೇಜಿನಿಂದ ಹೋದದ್ದು. ಎದ್ದು ಹೇಳಬೇಕಿತ್ತು, ಅಮ್ಮಾ, ಮೂರಲ್ಲ, ಅದರ ಎರಡರಷ್ಟು, ಕೊಟ್ಟವಳು ನಾನು ಎಂದು. ನನ್ನ ಮುಂದೆ ಕಿಬಿ ಇತ್ತು. ನಾನು ಕಿಬಿ ತಿಂದೆ.

ಅಕ್ಟೋಬರ್ 29, ಮಂಗಳವಾರ

ಬಂದರು. ಅಂಗಿ ಇಸ್ತ್ರಿಯದೇ, ಒಳಗೆ ಮನುಷ್ಯ ಅರ್ಧ ಆಗಿದ್ದಾರೆ. ಮಗಳು ಕರೆದರೂ ಅವಳ ಜೊತೆ ಹೋಗಲಿಲ್ಲವಂತೆ. “ಅಲ್ಲಿಗೆ ಹೋದ್ರೆ ನನ್ನನ್ನ ಗಿಡದ ಥರ ಮೂಲೇಲಿ ಇಟ್ಟು ನೀರು ಹಾಕ್ತಾಳೆ” ಎಂದರು. ಡಾಕ್ಟರು ಹೇಳಿದ್ದನ್ನು ಬಾಯಿಬಿಡಲಿಲ್ಲ. ನಾನೂ ಕೇಳಲಿಲ್ಲ.

ನಾನು ಬಿಯರು ತರಿಸಿದೆ, ಇಲ್ಲದಿದ್ದರೆ ನನಗೆ ಊಟವಿಲ್ಲ. ಕೊಡಬಾರದು ಎಂದು ಮನಸ್ಸು ಗಟ್ಟಿ ಮಾಡಿಕೊಂಡು ನನ್ನ ಮುಂದೆಯೇ ಇಟ್ಟುಕೊಂಡೆ. ಅವರು ಬಾಟಲಿ ನೋಡಿದರು. ಬಾಗಿಲು ನೋಡಿದರು. ಕುರ್ಚಿ ಸ್ವಲ್ಪ ಹಿಂದೆ ಸರಿಸಿದರು.

ನಾನು ಬಾಟಲಿ ಅವರ ಕಡೆ ತಳ್ಳಿದೆ.

ನವೆಂಬರ್ 2, ಶನಿವಾರ

ಸತ್ತವರಿಗೆ ಊಟ ಇಡುವ ದಿನ. ಎವೆಲಿಯೊನ ಫೋಟೊ, ಚೆಂಡುಹೂವು, ಮೇಣದ ಬತ್ತಿ, ನೆಲದೊಳಗೆ ಬೇಯಿಸಿದ ಜೋಳದ ಕಡುಬು. ಕಡುಬು ಲಿಹಿಯಾಳ ಮನೆಯದು. ಪಕ್ಕದಲ್ಲಿ ಅವನ ಬಿಯರು. ಬೆಳಿಗ್ಗೆ ಇಟ್ಟದ್ದು ಸಂಜೆಗೂ ಹಾಗೇ ಇತ್ತು. ಎಷ್ಟಾದರೂ ಸತ್ತವನು.

ಮುಂದಿನ ವರ್ಷ ಇಲ್ಲಿ ಎರಡು ಫೋಟೊ ಇಡಬೇಕಾದೀತು ಎನ್ನಿಸಿತು. ಆ ಎರಡನೆಯ ಫೋಟೊ ಇಡುವ ಹಕ್ಕೂ ನನಗೆ ಇರುವುದಿಲ್ಲ. ನಾನು ಅವರಿಗೆ ಏನು? ಬಿಯರು ಕೊಡುವವಳು. ಮೇಣದ ಬತ್ತಿಯ ಮುಂದೆ ಕೂತಿರಲಾಗದೆ ಎದ್ದು ಬಂದೆ.

ನವೆಂಬರ್ 4, ಸೋಮವಾರ

ಬೆಳಿಗ್ಗೆ ಚರ್ಚಿಗೆ ಹೋದೆ. ಕುಡಿತ ಬಿಡುತ್ತೇವೆಂದು ಮಾತೆಯ ಮುಂದೆ ಆಣೆ ಮಾಡಲು ಗಂಡಸರು ಸೋಮವಾರವೇ ಬರುವುದು, ಶನಿವಾರ ಭಾನುವಾರದ್ದೆಲ್ಲ ತಲೆಯಲ್ಲಿ ಗುಂಯ್ ಎನ್ನುತ್ತಿರುವಾಗ. ಹಳಸಿದ ಹೆಂಡದ ವಾಸನೆಯ ಆ ಸಾಲಿನಲ್ಲಿ ನಾನೊಬ್ಬಳೇ ಹೆಂಗಸು. ನನ್ನ ಮುಂದಿದ್ದವನು ತಿರುಗಿ, “ಮಗನಿಗಾ ಅಮ್ಮಾ?” ಎಂದ. “ನನಗೇ” ಎಂದೆ. ಪಾಪ, ಜಾಗ ಬಿಟ್ಟುಕೊಟ್ಟ.

ಫಾದರ್ ಚಿಕ್ಕ ವಯಸ್ಸಿನವರು.

“ಎಷ್ಟು ವರ್ಷದಿಂದ ಕುಡೀತಿದೀರಿ?”

“ಕುಡಿಯಲ್ಲ ಫಾದರ್, ನಂಗೆ ಆಗಲ್ಲ.”

“ಮತ್ತೆ ಏನಂತ ಆಣೆ ಮಾಡ್ತೀರಿ?”

“ಬಿಯರು ತರಿಸಲ್ಲ ಅಂತ.”

“ತರಿಸಿ ಏನು ಮಾಡ್ತೀರಿ?”

“ಒಬ್ರಿಗೆ ಕೊಡ್ತೀನಿ. ಅವ್ರು ಸಾಯ್ತಿದಾರೆ.”

“ಕೊಡೋದು ನಿಲ್ಲಿಸಿದ್ರೆ ಆಯ್ತಲ್ಲ, ಅದಕ್ಕೆ ಆಣೆ ಯಾಕೆ?”

“ನಿಲ್ಸೋಕೆ ಆಗ್ತಿಲ್ಲ ಫಾದರ್. ಕೊಡದಿದ್ರೆ ಎದ್ದು ಹೋಗ್ಬಿಡ್ತಾರೆ. ನಂಗೆ ಅವ್ರು ಬಿಟ್ರೆ ಮಾತಾಡೋರು ಇಲ್ಲ.”

ಹೇಳಿಬಿಟ್ಟೆ! ಇಲ್ಲಿ ಬರೆಯಲೂ ನಾಚಿಕೆಯಾಗಿದ್ದ ಮಾತನ್ನು ಆ ಹುಡುಗನ ಮುಂದೆ ಹೇಳಿಬಿಟ್ಟೆ.

“ಬೇರೆಯವರ ಕುಡಿತದ ಮೇಲೆ ನೀವು ಆಣೆ ಇಡೋಕಾಗಲ್ಲಮ್ಮ, ಅದು ಅವರೇ ಮಾಡ್ಬೇಕು.”

“ಗೊತ್ತು. ನನ್ನ ಕೈ ಮೇಲೆ ಇಡಿ.”

“ಎಷ್ಟು ದಿನಕ್ಕೆ?”

“ಗಂಡಸರು ಎಷ್ಟಕ್ಕೆ ಮಾಡ್ತಾರೆ?”

“ಆರು ತಿಂಗಳು. ಧೈರ್ಯ ಇರೋರು ವರ್ಷ.”

“ವರ್ಷ ಬರ್ಕೊಳ್ಳಿ.”

ಮಾತೆಯ ಚಿತ್ರವಿರುವ ಚೀಟಿಯ ಹಿಂದೆ ನನ್ನ ಹೆಸರು, ಮುಂದಿನ ನವೆಂಬರಿನ ತಾರೀಖು ಬರೆದುಕೊಟ್ಟರು. ಹೊರಗೆ ಬಂದಾಗ ಸಾಲಿನಲ್ಲಿ ಜಾಗ ಬಿಟ್ಟುಕೊಟ್ಟ ಆ ಗಂಡಸು ನನಗಾಗಿ ಕಾದಿದ್ದ. “ಮೊದಲ ವಾರ ಕಷ್ಟ ಅಮ್ಮಾ, ಆಮೇಲೆ ಪರವಾಗಿಲ್ಲ” ಎಂದ.

ನವೆಂಬರ್ 5, ಮಂಗಳವಾರ

ಪಾನಕ ತರಿಸಿ ಚೀಟಿಯನ್ನು ಮೇಜಿನ ಮೇಲಿಟ್ಟೆ. ಎರ್ಮಿಲೊ ಓದಿ, ಅಭ್ಯಾಸದಂತೆ ನನ್ನ ಮುಂದೆ ಇಟ್ಟಿದ್ದ ಬಿಯರಿನ ಖಾಲಿ ಲೋಟ ತೆಗೆದುಕೊಂಡು ಹೋದ. ಆಣೆ ಮಾಡಿದವರ ಹತ್ತಿರ ಯಾರೂ ಲೋಟ ಒಡ್ಡುವುದಿಲ್ಲ, ಕುಡಿಯಿರಿ ಎಂದು ಪುಸಲಾಯಿಸುವುದೂ ಇಲ್ಲ. ಎಂಥ ಪೋಲಿಯೂ ಅದನ್ನು ಮಾಡುವುದಿಲ್ಲ.

ಡೋನ್ ಗಾಸ್ಪರ್ ಬಂದು ಚೀಟಿ ನೋಡಿ ಮೊದಲು ಜೋರಾಗಿ ನಕ್ಕರು.

“ನೀವು? ಆಣೆ? ಒಂದು ಹನಿ ಬಾಯಿಗೆ ಹಾಕಿದೋರಲ್ಲ!”

ನಾನು ನಗಲಿಲ್ಲ. ಅವರ ನಗು ಅಲ್ಲೇ ನಿಂತಿತು.

“ಓಹೋ. ಇದು ನನ್ನ ಗಂಟಲಿಗೆ ಇಟ್ಟ ಆಣೆ.”

“ಹೌದು, ನಿಮ್ಮದಕ್ಕೇ. ನಿಮ್ಮ ಮಗಳು ಬಂದು ಎಲ್ಲಾ ಹೇಳಿದ್ಲು. ಆಮೇಲೂ ನಾನು ನಿಮಗೆ ಕೊಟ್ಟೆ. ಇನ್ನು ಕೊಡಲ್ಲ.”

“ಕಂತೀನಾಕ್ಕೆ ಬಂದು ಪಾನಕ ಕುಡ್ಕೊಂಡು ಉಪದೇಶ ಮಾಡ್ತೀರಾ? ನನ್ನ ಹೆಂಡ್ತಿ ಕೂಡ ಇಷ್ಟು ಮಾಡ್ಲಿಲ್ಲ!”

“ಅವ್ರಿಗೆ ನಿಮ್ಮನ್ನ ಬಿಟ್ಟು ಬೇರೆ ಕೆಲಸ ಇತ್ತೇನೋ. ನನಗಿಲ್ಲ.”

ಇಡೀ ಕಂತೀನಾ ಕೇಳಿಸಿಕೊಂಡಿತು. ಅವರು ಮೇಜನ್ನು ತಾವೇ ಎಳೆದು ಬೇರೆ ಮಾಡಿ, ನನಗೆ ಬೆನ್ನು ಹಾಕಿ ಕೂತರು. ಬಿಯರು ತರಿಸಿದರು. ಚಟ್ನಿ ಬಂತು, ಸೌತೆಕಾಯಿ ಬಂತು. ಮತ್ತೆ ತರಿಸಿದರು. ಕಿಬಿ ಬಂತು. ಯಾವ ತಟ್ಟೆಯೂ ನನ್ನ ಕಡೆ ಬರಲಿಲ್ಲ. ಪಾನಕದ ದುಡ್ಡಿಟ್ಟು ಎದ್ದು ಬಂದೆ. ದಾರಿಯುದ್ದಕ್ಕೂ ಅತ್ತೆ, ಈ ವಯಸ್ಸಿನಲ್ಲಿ, ನಡುಮಧ್ಯಾಹ್ನ.

ನವೆಂಬರ್ 9, ಶನಿವಾರ

ಹೋಗಲಿಲ್ಲ. ರಸ್ಕು. ಕಂತೀನಾದಲ್ಲೇನೋ ಗದ್ದಲ, ಮನೆಯವರೆಗೂ ಕೇಳುತ್ತದೆ. ಕಿಟಕಿ ಹಾಕಿದೆ.

ನವೆಂಬರ್ 16, ಶನಿವಾರ

ಬೆಳಿಗ್ಗೆ ಕಿಟಕಿಯ ಸರಳು ಟಣ್ ಟಣ್ ಎಂದಿತು. ಡೋನ್ ಗಾಸ್ಪರ್, ಕೈಯಲ್ಲಿ ಸೂಟ್‌ಕೇಸ್. ಆಚೆ ಕಾರಿನಲ್ಲಿ ಮಗಳು.

“ಒಳಗೆ ಬನ್ನಿ ಅನ್ನಬೇಡಿ. ಎದುರುಮನೆ ಪರದೆ ಆಗ್ಲೇ ಅಲ್ಲಾಡ್ತಿದೆ.”

“ಅಲ್ಲಾಡ್ಲಿ ಬಿಡಿ. ಅವ್ರಿಗೂ ಮಧ್ಯಾಹ್ನಕ್ಕೆ ಮಾತಾಡೋಕೆ ಏನಾದ್ರೂ ಬೇಕಲ್ಲ.”

ನಗಲಿಲ್ಲ. ಸರಳು ಹಿಡಿದುಕೊಂಡು ನಿಂತರು.

“ಅವತ್ತು ನೀವು ಎದ್ದು ಹೋದ್ರಲ್ಲ. ಎರ್ಮಿಲೊ ತಟ್ಟೆ ತಂದು ತಂದು ಇಟ್ಟ. ಮುಟ್ಟೋರಿಲ್ಲ. ಮೇಜಲ್ಲಿ ಜಾಗ ಸಾಲದೆ ಕುರ್ಚಿ ಮೇಲೂ ಇಟ್ಟ. ಮಾರನೇ ದಿನಾನೂ ಹಂಗೇ, ಅದರ ಮಾರನೇ ದಿನಾನೂ ಹಂಗೇ. ಕೂತು ನೋಡ್ದೆ. ಇಷ್ಟು ದಿನ ತಟ್ಟೆ ಖಾಲಿ ಆಗ್ತಿತ್ತಲ್ಲ ಡೋನ್ಯಾ, ನಾನೇ ತಿಂತಿದೀನಿ ಅಂದ್ಕೊಂಡಿದ್ದೆ.”

“ಮತ್ತೆ ಹಲ್ಲು?”

“ಹಲ್ಲು ಗಟ್ಟಿಯಾಗೇ ಇದೆ. ಒಳಗೆ ಇಳೀತಿರ್ಲಿಲ್ಲ. ತುತ್ತು ಇಟ್ರೆ ವಾಪಸ್ ಬರ್ತಿತ್ತು. ಹೇಳೋಕೆ ನಾಚ್ಕೆ ಆಯ್ತು.”

ಆ ಕಿಬಿಗಳನ್ನೆಲ್ಲ ತಿಂದವಳು ನಾನು. ಎಷ್ಟು ರುಚಿಯಾಗಿ ತಿಂದಿದ್ದೆ!

ಮಗಳ ಜೊತೆ ಹೋಗುತ್ತಾರಂತೆ. ಆಸ್ಪತ್ರೆ, ಔಷಧಿ. ತಿರುಗಿ ಬರುವ ಮಾತು ಆಡಲಿಲ್ಲ. ಹೋಗಬೇಡಿ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಹೋಗದಿದ್ದರೆ ಸಾಯುತ್ತಾರೆ.

“ಮಗಳು ಅಡುಗೆ ಚೆನ್ನಾಗಿ ಮಾಡ್ತಾಳಾ?” ಎಂದು ಕೇಳಿದೆ. ಇಂಥ ಹೊತ್ತಿನಲ್ಲಿ ಕೇಳುವ ಮಾತೇ ಅದು?

“ಉಪ್ಪು ಹಾಕಂಗಿಲ್ವಂತೆ, ಡಾಕ್ಟರು ಹೇಳಿದಾರಂತೆ. ನಿಮ್ಮ ಫೋನ್ ನಂಬರ್ ಹೇಳಿ.”

ಹೇಳಿದೆ. ಬರೆದುಕೊಳ್ಳಲಿಲ್ಲ. ಬಾಯಲ್ಲಿ ಒಂದು ಸಲ ಅಂದುಕೊಂಡು ಹೋದರು. ಕಾರು ತಿರುಗುವ ಹೊತ್ತಿಗೆ ಮರೆತಿರುತ್ತಾರೆ.

ನವೆಂಬರ್ 17, ಭಾನುವಾರ

ಬರೆಯಲು ಏನೂ ಇಲ್ಲ.

ನವೆಂಬರ್ 28, ಗುರುವಾರ

ಬೇಕರಿಯ ಹತ್ತಿರ ಎರ್ಮಿಲೊ ಸಿಕ್ಕ. “ಬನ್ನಿ ಡೋನ್ಯಾ, ಪಾನಕಕ್ಕೇ ತಟ್ಟೆ ತಂದಿಡ್ತೀನಿ, ಅಡುಗೆಮನೆಯವರ ಹತ್ರ ಮಾತಾಡಿದೀನಿ. ಮಾಲೀಕರಿಗೆ ಗೊತ್ತಾಗಲ್ಲ.” ಒಳ್ಳೆಯವನು. ಆದರೆ ಆ ಮೇಜು ನೋಡಲು ನನ್ನಿಂದಾಗದು ಎಂದೆ.

ಅವರ ಸುದ್ದಿ ಯಾರಿಗೂ ಇಲ್ಲ. ನಾನು ಮಾಡಿದ್ದು ಸರಿ ಎಂದು ಹಗಲೆಲ್ಲ ಹೇಳಿಕೊಳ್ಳುತ್ತೇನೆ. ಸರಿ ಮಾಡಿದವರು ಹೀಗೆ ದಿನವಿಡೀ ಫೋನಿನ ಕಡೆ ನೋಡುತ್ತಾ ಕೂರುತ್ತಾರೆಯೇ? ಫೋನ್ ಸರಿಯಾಗಿದೆಯೋ ಇಲ್ಲವೋ ನೋಡೋಣ ಎಂದು ಲಿಹಿಯಾಗೆ ಮಾಡಿದರೆ, ಅವಳು ಏನೋ ಆಗಿದೆ ಎಂದು ಹೆದರಿ ಓಡಿಬಂದಳು. ಬಂದವಳು ನೇರ ಅಡುಗೆಮನೆಗೆ ನುಗ್ಗಿ ಪಾತ್ರೆ ಮುಚ್ಚಳ ತೆಗೆದು ಮೂಗು ತೂರಿಸಿದಳು.

“ಕಾಳು ಬೇಯಿಸಿದೀಯಾ?”

“ಹಸಿವಾಗಿತ್ತು.”

“ಇಷ್ಟು ತಿಂಗಳು ಆಗಿರ್ಲಿಲ್ವಾ?”

ಎಂಥ ಪ್ರಶ್ನೆ. ಅವಳಿಗೂ ಒಂದು ಬಟ್ಟಲು ಹಾಕಿಕೊಟ್ಟೆ. ಬೈದುಕೊಂಡೇ ತಿಂದಳು.

ಡಿಸೆಂಬರ್ 8, ಭಾನುವಾರ

ಒಂದೂವರೆಗೆ ಫೋನ್ ಬಂತು. ಲಿಹಿಯಾ ಎಂದುಕೊಂಡು, “ಏನೇ ಈಗ?” ಎಂದು ಗದರಿದೆ.

“ಡೋನ್ಯಾ ಎಲ್ಸಿ?”

ದನಿ ಸಣ್ಣಗಿತ್ತು, ಆದರೆ ಅವರದೇ.

“ಊಟ ಆಯ್ತಾ?”

“ಇನ್ನೂ ಇಲ್ಲ. ಒಲೆ ಮೇಲಿದೆ.”

“ನನ್ನ ಮಗಳು ಪಾಪಾಡ್ಸುಲ್ ಮಾಡಿಟ್ಟು ಕೆಲಸಕ್ಕೆ ಹೋಗಿದಾಳೆ. ಉಪ್ಪಿಲ್ಲ. ಡಾಕ್ಟರು ಇವತ್ತಿಂದ ತಿನ್ನಬಹುದು ಅಂದಿದಾರೆ. ಆಗ್ಲಿಂದ ತಟ್ಟೆ ಮುಂದೆ ಕೂತಿದೀನಿ. ಒಬ್ಬನೇ ತಿನ್ನೋಕೆ ಆಗ್ತಿಲ್ಲ.”

“ಇರಿ, ಫೋನ್ ಇಡಬೇಡಿ. ಬಡಿಸ್ಕೊಂಡು ಬರ್ತೀನಿ.”

ಬಡಿಸಿಕೊಂಡೆ. ಫೋನಿನ ದನಿ ಜೋರು ಮಾಡಿ, ನೀರಿನ ಚೊಂಬಿಗೆ ಒರಗಿಸಿ ನಿಲ್ಲಿಸಿ, ಅದರ ಎದುರು ಕೂತೆ. ಅಲ್ಲಿ ಒಂದು ಬೀದಿನಾಯಿ ಬೊಗಳಿತು, ಕುರ್ಚಿ ಕಿರುಗುಟ್ಟಿತು. ಆಮೇಲೆ ಚಮಚ ತಟ್ಟೆಗೆ ತಾಗಿದ ಸದ್ದು. ಆಮೇಲೆ ಬಹಳ ಹೊತ್ತು ಏನೂ ಇಲ್ಲ.

ಅವರು ಅಗಿಯುತ್ತಿದ್ದರು. ನಿಧಾನವಾಗಿ, ಮಧ್ಯೆ ಮಧ್ಯೆ ನಿಲ್ಲಿಸಿ. ನುಂಗಿದರು. ಮತ್ತೆ ಚಮಚದ ಸದ್ದಾಯಿತು. ಅಷ್ಟು ದಿನ ಎದುರೆದುರು ಕೂತಿದ್ದರೂ ಅವರು ತಿನ್ನುವುದನ್ನು ಕೇಳಿದ್ದು ಇದೇ ಮೊದಲು. ನನ್ನ ತಟ್ಟೆ ಹಾಗೇ ಬಿಟ್ಟು ಕೇಳುತ್ತಾ ಕೂತೆ.

“ಡೋನ್ಯಾ, ಇದೀರಾ?”

“ಇದೀನಿ. ತಿನ್ನಿ.”